ಎರಡು ಕಿಲೊ ಡಂಬೆಲ್

ಭಾನುವಾರ, 16 ನವೆಂಬರ್ 2025

ಬೆಳಿಗ್ಗೆ ಎದ್ದ ಕೂಡಲೇ ಬೆರಳುಗಳು ಮಡಚಲು ಒಪ್ಪುವುದಿಲ್ಲ. ಬ್ರಷ್ ಹಿಡಿದರೆ ಜಾರುತ್ತದೆ. ಪೇಸ್ಟಿನ ಮುಚ್ಚಳ ತೆಗೆಯುವುದಂತೂ ದೊಡ್ಡ ಸಾಹಸ. ಇದು ಕ್ಯಾನ್ಸರ್ ಕೊಟ್ಟದ್ದಲ್ಲ, ಕ್ಯಾನ್ಸರ್ ಮತ್ತೆ ಬಾರದಿರಲಿ ಅಂತ ದಿನಾ ನುಂಗುವ ಲೆಟ್ರೊಜೋಲ್ ಮಾತ್ರೆ ಕೊಟ್ಟದ್ದು. ನನ್ನದು ಸ್ತನ ಕ್ಯಾನ್ಸರ್, ಹಾರ್ಮೋನ್ ಪಾಸಿಟಿವ್ ಗಡ್ಡೆ, ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನ್ ಸಿಕ್ಕರೆ ಬೆಳೆಯುವ ಬಗೆ. ಮುಟ್ಟು ನಿಂತ ಮೇಲೂ ಮೈಯ ಕೊಬ್ಬು ಅಷ್ಟಿಷ್ಟು ಈಸ್ಟ್ರೊಜೆನ್ ತಯಾರಿಸುತ್ತಲೇ ಇರುತ್ತದಂತೆ. ಅದಕ್ಕೆ ಬೇಕಾದ ಅರೊಮಟೇಸ್ ಅನ್ನುವ ಕಿಣ್ವವನ್ನೇ ಈ ಮಾತ್ರೆ ಕಟ್ಟಿಹಾಕುತ್ತದೆ. ಒಳ್ಳೆಯದೇ. ಆದರೆ ಈಸ್ಟ್ರೊಜೆನ್ ಇಳಿದರೆ ಕೀಲು ನೋಯುತ್ತದೆ, ಮೂಳೆ ಸವೆಯುತ್ತದೆ, ನಡುರಾತ್ರಿ ಮೈ ಕಾದು ಬೆವರಿಳಿಯುತ್ತದೆ.

ಈ ನೋವು ತಾಳಲಾರದೆ ಎಷ್ಟೋ ಹೆಂಗಸರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ನನಗೂ ಬಿಡುವ ಮನಸ್ಸಾಗಿತ್ತು. ಡಾಕ್ಟರ್ ಹತ್ತಿರ ಹೇಳಿದಾಗ ಅವರು ನೋವಿನ ಮಾತ್ರೆ ಬರೆಯುವ ಮೊದಲು ಕೇಳಿದ್ದು, "ವ್ಯಾಯಾಮ ಏನು ಮಾಡ್ತೀರಿ?" ಅಂತ. ಸಿಟ್ಟು ಬಂತು. ಕೀಲು ಹಿಡಿದುಕೊಂಡವಳಿಗೆ ವ್ಯಾಯಾಮ ಮಾಡು ಅಂದರೆ ಇನ್ನೇನು ಬರುತ್ತದೆ?

ಮನೆಗೆ ಬಂದು ಹುಡುಕಿ ಓದಿದೆ. ಲೆಕ್ಕದ ಟೀಚರ್ ಆಗಿದ್ದವಳು, ಅಂಕಿ ನೋಡದೆ ಏನನ್ನೂ ನಂಬುವುದಿಲ್ಲ. 2015ರಲ್ಲಿ ಪ್ರಕಟವಾದ ಹೋಪ್ ಅನ್ನುವ ಅಧ್ಯಯನ ಸಿಕ್ಕಿತು. ಇದೇ ಬಗೆಯ ಮಾತ್ರೆ ನುಂಗುತ್ತ ಕೀಲುನೋವಿನಲ್ಲಿದ್ದ 121 ಹೆಂಗಸರು. ಅರ್ಧದಷ್ಟು ಜನ ವಾರಕ್ಕೆ ಎರಡು ಸಲ ತೂಕ ಎತ್ತಿದರು, ಜೊತೆಗೆ ವಾರಕ್ಕೆ ಒಟ್ಟು 150 ನಿಮಿಷ ಬಿರುಸಾಗಿ ನಡೆಯುವಂಥ ವ್ಯಾಯಾಮ ಮಾಡಿದರು. ಉಳಿದವರು ಎಂದಿನಂತೆ ಇದ್ದರು. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೋವು 29% ಇಳಿದಿತ್ತು. ಎರಡನೆಯವರಲ್ಲಿ ಇದ್ದಲ್ಲೇ ಇತ್ತು. ಪೂರ್ತಿ ಹೋಗಲಿಲ್ಲ ಅನ್ನುವುದನ್ನು ಗಮನಿಸಿ. ನನ್ನದೂ ಹೋಗಿಲ್ಲ. ಬೆಳಗಿನ ಬಿಗಿತ ಮೊದಲು ತಿಂಡಿಯ ಹೊತ್ತಿನವರೆಗೂ ಇರುತ್ತಿತ್ತು, ಈಗ ಸ್ನಾನ ಮುಗಿಯುವುದರೊಳಗೆ ಬಿಡುತ್ತದೆ. ಅಷ್ಟೇ. ನನಗೆ ಅದು ಸಾಕು.

ನಡಿಗೆ ಶುರುವಾಗಿದ್ದು ಇದಕ್ಕೂ ಮುಂಚೆ, ಕೀಮೊ ಇನ್ನೂ ನಡೆಯುತ್ತಿದ್ದಾಗ. ಕೀಮೊ ಸುಸ್ತು ಅನುಭವಿಸಿದವರಿಗೇ ಗೊತ್ತು. ಕೆಲಸ ಮಾಡಿ ದಣಿದ ಸುಸ್ತಲ್ಲ ಅದು. ಮಲಗಿದರೆ ಹೋಗುವುದಿಲ್ಲ, ಎದ್ದರೆ ಇನ್ನೂ ಜಾಸ್ತಿ. ಮನೆಯವರೆಲ್ಲ ಪ್ರೀತಿಯಿಂದ "ಮಲಗು, ಮಲಗು" ಅನ್ನುತ್ತಿದ್ದರು. ನರ್ಸ್ ಒಬ್ಬರು ಮಾತ್ರ "ಜ್ವರ ಇಲ್ಲದಿದ್ದರೆ, ರಕ್ತದ ಎಣಿಕೆ ಸರಿಯಿದ್ದರೆ, ಹತ್ತೇ ನಿಮಿಷ ನಡೀರಿ" ಅಂದರು. ಅವರದು ಸುಮ್ನೆ ಬಾಯಿಮಾತಲ್ಲ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2019ರಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ವಾರಕ್ಕೆ ಮೂರು ಸಲ ಅರ್ಧ ಗಂಟೆ ನಡೆಯುವುದು ಅಥವಾ ಅಂಥದ್ದೇ ವ್ಯಾಯಾಮ, ಎರಡು ಸಲ ತೂಕದ ವ್ಯಾಯಾಮ. ಎರಡು ಮೂರು ತಿಂಗಳು ಹೀಗೆ ಮಾಡಿದರೆ ಸುಸ್ತು, ಆತಂಕ, ಖಿನ್ನತೆ ಎಲ್ಲವೂ ತಗ್ಗುತ್ತವೆ. ಸುಸ್ತಾಗಿದೆ ಅಂತ ಕೂರುವುದಕ್ಕಿಂತ ಸುಸ್ತಾಗಿದೆ ಅಂತ ಎದ್ದು ನಡೆಯಬೇಕು. ಕೇಳಲು ತಲೆಕೆಳಗು, ಆದರೆ ನನ್ನ ಮಟ್ಟಿಗೆ ನಿಜವಾಯಿತು. ಬಾಗಿಲಿಂದ ಗೇಟಿನವರೆಗೆ ಹೋಗಿ ಗೋಡೆ ಹಿಡಿದು ನಿಂತ ದಿನಗಳೂ ಇದ್ದವು. ಅವೂ ಲೆಕ್ಕಕ್ಕೆ ಸೇರಲಿ.

ಈಗ ತೂಕದ ಮಾತು. ಕೀಮೊ ತಗೊಂಡರೆ ಸಣ್ಣಗಾಗುತ್ತಾರೆ ಅಂತ ಎಲ್ಲರ ಎಣಿಕೆ. ಸ್ತನ ಕ್ಯಾನ್ಸರಿನಲ್ಲಿ ಎಷ್ಟೋ ಜನ ದಪ್ಪಗಾಗುತ್ತಾರೆ. ಸ್ಟೆರಾಯ್ಡ್, ಹಾರ್ಮೋನ್ ಏರುಪೇರು, ತಿಂಗಳುಗಟ್ಟಲೆ ಕೂತಲ್ಲೇ ಕೂರುವುದು, ಎಲ್ಲ ಸೇರಿ ಸ್ನಾಯು ಕರಗುತ್ತದೆ, ಆ ಜಾಗಕ್ಕೆ ಕೊಬ್ಬು ಬರುತ್ತದೆ. ನನಗೂ ಹಾಗೇ ಆಯಿತು. ನೋಡಿದವರು "ಪರವಾಗಿಲ್ಲ, ಚೆನ್ನಾಗಿಯೇ ಇದ್ದೀಯ" ಅನ್ನುತ್ತಿದ್ದರು. ಕುರ್ಚಿಯ ಕೈ ಹಿಡಿಯದೆ ಏಳಲು ಆಗುತ್ತಿರಲಿಲ್ಲ ಅನ್ನುವುದು ಅವರಿಗೆ ಕಾಣುತ್ತಿರಲಿಲ್ಲ.

ಆದರೆ ತೂಕ ಎತ್ತಲು ನನಗೆ ಭಯ. ನನ್ನ ಬಲ ಕಂಕುಳಿನಲ್ಲಿ ದುಗ್ಧರಸ ಸೋಸುವ ಗಂಟುಗಳಾದ ಲಿಂಫ್ ನೋಡ್‌ಗಳನ್ನು ತೆಗೆದಿದ್ದಾರೆ. ಅಲ್ಲಿ ದುಗ್ಧರಸ ಸರಾಗವಾಗಿ ಹರಿಯದೆ ಕೈ ಊದಿಕೊಳ್ಳಬಹುದು. ಇದಕ್ಕೆ ಲಿಂಫೆಡಿಮಾ ಅನ್ನುತ್ತಾರೆ. ಒಮ್ಮೆ ಬಂದರೆ ಪೂರ್ತಿ ಹೋಗುವುದು ಕಷ್ಟ. ಹಾಗಾಗಿ ಬಹಳ ಕಾಲ ಡಾಕ್ಟರುಗಳೇ ಆ ಕೈಯಲ್ಲಿ ಭಾರ ಎತ್ತಬೇಡಿ, ಬಕೆಟ್ ಎತ್ತಬೇಡಿ, ಮಗು ಎತ್ತಬೇಡಿ ಅನ್ನುತ್ತಿದ್ದರು. ನಮ್ಮ ಅತ್ತಿಗೆಗೆ ಇದೇ ಕಾಯಿಲೆ ಬಂದಾಗ ಆ ಮಾತನ್ನು ವೇದವಾಕ್ಯದಂತೆ ಪಾಲಿಸಿದ್ದರು. ಕೊನೆಗೆ ಅವರ ಭುಜ ಎಷ್ಟು ಬಿಗಿಯಾಯಿತು ಅಂದರೆ ತಾವೇ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ.

ಆ ಬುದ್ಧಿಮಾತಿಗೆ ಗಟ್ಟಿ ಆಧಾರ ಇರಲಿಲ್ಲ ಅಂತ ತೋರಿಸಿದ್ದು ಕ್ಯಾಥರಿನ್ ಶ್ಮಿಟ್ಜ್ ಮತ್ತು ಅವರ ತಂಡ. ಅವರು ಆಗಲೇ ಕೈ ಊದಿದ್ದ 141 ಹೆಂಗಸರನ್ನು ಆರಿಸಿಕೊಂಡರು. ಅರ್ಧ ಜನರಿಗೆ ವಾರಕ್ಕೆರಡು ಸಲ ತೂಕ ಎತ್ತಿಸಿದರು. ತೀರಾ ಕಡಿಮೆ ಭಾರದಿಂದ ಶುರು, ನಿಧಾನಕ್ಕೆ ಏರಿಕೆ, ಕೈಗೆ ಊತ ಒತ್ತಿಹಿಡಿಯುವ ಬಿಗಿಯಾದ ತೋಳುಚೀಲ, ಅಂದರೆ ಕಂಪ್ರೆಷನ್ ಸ್ಲೀವ್. 2009ರಲ್ಲಿ ಫಲಿತಾಂಶ ಬಂತು. ಎತ್ತಿದವರ ಕೈ ಎತ್ತದವರಿಗಿಂತ ಹೆಚ್ಚು ಊದಲಿಲ್ಲ. ಅಷ್ಟೇ ಅಲ್ಲ, ಊತ ಉಲ್ಬಣಿಸಿದ್ದು ಎತ್ತಿದವರಲ್ಲಿ 14%, ಎತ್ತದವರಲ್ಲಿ 29%. ಓದಿ ನಾನು ಅತ್ತಿಗೆಯನ್ನು ನೆನೆದು ಅತ್ತೆ. ಅವರ ಆಪರೇಷನ್ ಆಗಿದ್ದು ಇದಕ್ಕೆಲ್ಲ ಬಹಳ ಮುಂಚೆ, ಯಾರನ್ನು ಬೈಯುವುದು?

ಇಷ್ಟು ಓದಿದ್ದರೂ ನಾನು ನೇರವಾಗಿ ಡಂಬೆಲ್ ಹಿಡಿಯಲಿಲ್ಲ, ನೀವೂ ಹಿಡಿಯಬೇಡಿ. ಮೊದಲು ಫಿಸಿಯೊಥೆರಪಿಸ್ಟ್ ಅಳತೆಯ ಟೇಪ್ ಹಿಡಿದು ಎರಡೂ ಕೈ ಅಳೆದರು. ಮಣಿಕಟ್ಟು, ಮೊಣಕೈ ಕೆಳಗೆ, ಮೇಲೆ, ಹೀಗೆ ಜಾಗ ಗುರುತು ಮಾಡಿ ಬರೆದಿಟ್ಟುಕೊಂಡರು. ಈ ಅಳತೆ ಕೈಯಲ್ಲಿದ್ದರೆ "ಊದಿದೆಯಾ, ಊದಿಲ್ಲವಾ" ಅಂತ ಕನ್ನಡಿ ಮುಂದೆ ನಿಂತು ಕಂಗಾಲಾಗುವುದು ತಪ್ಪುತ್ತದೆ. ಭುಜ ಸಡಿಲಿಸುವ ವ್ಯಾಯಾಮ ವಾರಗಟ್ಟಲೆ ನಡೆಯಿತು. ಗೋಡೆಗೆ ಮುಖ ಮಾಡಿ ನಿಂತು ಬೆರಳಲ್ಲೇ ಗೋಡೆ ಹತ್ತುವುದು. ಕ್ಯಾಲೆಂಡರ್ ಮೊಳೆ ಮುಟ್ಟಿದ ದಿನ ಮಗಳು ಚಪ್ಪಾಳೆ ತಟ್ಟಿದಳು.

ಆಮೇಲೆ ಬಂದಿದ್ದು ಅರ್ಧ ಕಿಲೊ. ಇವತ್ತು ಎರಡು ಕಿಲೊ. ಮೊಣಕೈ ಪಕ್ಕೆಗೆ ಅಂಟಿಸಿ, ಉಸಿರು ಬಿಡುತ್ತ ಮೇಲೆ, ಉಸಿರು ಎಳೆಯುತ್ತ ಕೆಳಗೆ. ಇಳಿಸುವಾಗ ದಬಕ್ಕನೆ ಬಿಡಬಾರದು, ಏರಿಸುವುದಕ್ಕಿಂತ ನಿಧಾನಕ್ಕೆ ಇಳಿಸಬೇಕು. ಹತ್ತು ಸಲ. ಎಂಟಕ್ಕೆ ತೋಳು ನಡುಗಲು ಶುರುವಾಗುತ್ತದೆ. ನಡುಗಬೇಕು ಅನ್ನುತ್ತಾರೆ ಫಿಸಿಯೊ. ಆರಾಮಾಗಿ ಹದಿನೈದು ಎತ್ತುವ ಹಾಗಾದರೆ ಆ ತೂಕಕ್ಕೆ ವಿದಾಯ ಹೇಳಿ ಮುಂದಿನದು ಹಿಡಿಯಬೇಕು. ಕೈ ಭಾರ ಅನ್ನಿಸಿದರೆ, ಉಂಗುರ ಬಿಗಿಯಾದರೆ, ಚರ್ಮ ಕೆಂಪಾದರೆ ಅಲ್ಲಿಗೇ ನಿಲ್ಲಿಸಿ ತೋರಿಸಬೇಕು. ಆ ಕಂಪ್ರೆಷನ್ ಸ್ಲೀವ್ ಹಾಕಿಕೊಳ್ಳುವುದೇ ಒಂದು ವ್ಯಾಯಾಮ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಎಳೆದರೆ ಸಲೀಸು. ಇದನ್ನು ಯಾವ ಪುಸ್ತಿಕೆಯೂ ಹೇಳಿರಲಿಲ್ಲ, ವಾರ್ಡಿನ ಪಕ್ಕದ ಹಾಸಿಗೆಯವರು ಹೇಳಿಕೊಟ್ಟರು.

ಮಧ್ಯಾಹ್ನ ಅಕ್ಕನ ಫೋನ್. ಈ ಸಲ ಸಕ್ಕರೆ. ಕ್ಯಾನ್ಸರ್ ಕೋಶಕ್ಕೆ ಸಕ್ಕರೆಯೇ ಆಹಾರ, ಹಣ್ಣನ್ನೂ ಬಿಡು ಅಂತ. ನಮ್ಮ ಬಳಗದಲ್ಲಿ ಕಾಯಿಲೆ ಬಿದ್ದ ಕೂಡಲೇ ಎಲ್ಲರೂ ಡಾಕ್ಟರೇ. ಒಬ್ಬರು ಹಾಲು ಬಿಡಿಸುತ್ತಾರೆ, ಇನ್ನೊಬ್ಬರು ಸೋಯಾ, ಮತ್ತೊಬ್ಬರು ಬೇಯಿಸಿದ್ದನ್ನೇ ಬಿಡಿಸುತ್ತಾರೆ. ಎಲ್ಲರ ಮಾತೂ ಕೇಳಿದರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಅಕ್ಕನಿಗೆ ಹೇಳಿದೆ, ಗ್ಲೂಕೋಸ್ ಕ್ಯಾನ್ಸರ್ ಕೋಶಕ್ಕೂ ಬೇಕು, ಮಿದುಳಿಗೂ ಬೇಕು, ನಾವು ತಿನ್ನದಿದ್ದರೂ ಮೈಯೇ ಅದನ್ನು ತಯಾರಿಸಿಕೊಳ್ಳುತ್ತದೆ. ಸಿಹಿ ಕಡಿಮೆ ಮಾಡಿದ್ದೇನೆ, ತೂಕ ಇಳಿಸಲು. ಹಣ್ಣು ಬಿಡಲ್ಲ. ಸೋಯಾ ಕೂಡ ಬಿಡಲ್ಲ. ಅದರಲ್ಲಿ ಈಸ್ಟ್ರೊಜೆನ್ ಹೋಲುವ ಅಂಶ ಇದೆ ಅಂತ ಹೆದರಿಸುತ್ತಾರೆ. 2009ರಲ್ಲಿ ಪ್ರಕಟವಾದ ಶಾಂಘೈ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ 5,042 ಹೆಂಗಸರನ್ನು ಗಮನಿಸಿದ್ದರು. ಊಟದಲ್ಲಿ ಸೋಯಾ ಜಾಸ್ತಿ ಇದ್ದವರಲ್ಲಿ ಕಾಯಿಲೆ ಮರಳಿದ್ದು ಕಡಿಮೆಯೇ. ಮಾತ್ರೆ ರೂಪದ ಸೋಯಾ ಸಾರ ಬೇರೆ ಮಾತು, ಅದು ನನಗೆ ಬೇಡ.

ಊಟದಿಂದ ಕ್ಯಾನ್ಸರ್ ಮರಳದಂತೆ ತಡೆಯಬಹುದಾ? ಇಲ್ಲಿ ಲೆಕ್ಕ ಅಷ್ಟು ಸಲೀಸಾಗಿಲ್ಲ. ಎರಡು ದೊಡ್ಡ ಪ್ರಯೋಗಗಳಿವೆ. ವೀಲ್ ಅನ್ನುವುದರಲ್ಲಿ 3,088 ಹೆಂಗಸರಿದ್ದರು. ಅರ್ಧ ಜನ ತರಕಾರಿ, ಹಣ್ಣು, ನಾರು ಬಹಳ ಜಾಸ್ತಿ ತಿಂದರು, ಕೊಬ್ಬು ಇಳಿಸಿದರು. ಏಳು ವರ್ಷ ಕಳೆದರೂ ಕಾಯಿಲೆ ಮರಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ವಿನ್ಸ್ ಅನ್ನುವ ಇನ್ನೊಂದರಲ್ಲಿ 2,437 ಹೆಂಗಸರು. ಅಲ್ಲಿ ಕೊಬ್ಬು ಕಡಿಮೆ ತಿಂದವರಲ್ಲಿ ಮರಳುವಿಕೆ ಕಡಿಮೆಯಾಯಿತು. ಆದರೆ ಅವರ ತೂಕವೂ ಸ್ವಲ್ಪ ಇಳಿದಿತ್ತು, ಮೊದಲನೆಯವರದು ಇಳಿದಿರಲಿಲ್ಲ. ಗುಣ ಕೊಬ್ಬು ಬಿಟ್ಟದ್ದರದೋ, ತೂಕ ಇಳಿದದ್ದರದೋ? ಇಬ್ಬರು ವಿದ್ಯಾರ್ಥಿಗಳು ಎರಡು ಉತ್ತರ ಬರೆದು ಇಬ್ಬರೂ ಅಂಕ ಕೇಳಿದಂತಿದೆ.

ಹಾಗಂತ ತರಕಾರಿ ದಂಡ ಅಂತ ಅಲ್ಲ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮಲಬದ್ಧತೆಗೆ ಅದು ಬೇಕೇ ಬೇಕು. ಸ್ತನ ಕ್ಯಾನ್ಸರ್ ಗುಣವಾದವರಲ್ಲಿ ಹೃದಯದ ಕಾಯಿಲೆಯಿಂದ ಸಾಯುವವರೂ ಬಹಳ. ಅದಕ್ಕೇ ನನ್ನ ತಟ್ಟೆಯಲ್ಲಿ ಅರ್ಧ ತರಕಾರಿ, ಪ್ರತಿ ಊಟಕ್ಕೂ ಬೇಳೆಯೋ ಕಾಳೋ ಇನ್ನೊಂದು ಪ್ರೋಟೀನೋ ಇದ್ದೇ ಇರುತ್ತದೆ. ತೂಕ ಎತ್ತಿದ ಸ್ನಾಯುವಿಗೆ ತಿನ್ನಲು ಏನಾದರೂ ಬೇಕಲ್ವಾ.

ಪುಡಿ, ಕ್ಯಾಪ್ಸೂಲ್‌ಗಳ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಕೀಮೊ ವೇಳೆ ಯಾರೋ ಪ್ರೀತಿಯಿಂದ ಆಂಟಿಆಕ್ಸಿಡೆಂಟ್ ಡಬ್ಬ ತಂದುಕೊಟ್ಟಿದ್ದರು. ಡಾಕ್ಟರಿಗೆ ತೋರಿಸಿದೆ, ಬೇಡ ಅಂದರು. ಕೀಮೊದ ಕೆಲವು ಔಷಧಗಳು, ರೇಡಿಯೇಷನ್, ಇವು ಕೋಶದೊಳಗೆ ಆಕ್ಸಿಡೇಷನ್ ಎಬ್ಬಿಸಿಯೇ ಕ್ಯಾನ್ಸರನ್ನು ಕೊಲ್ಲುತ್ತವೆ. ಅದನ್ನೇ ತಣ್ಣಗೆ ಮಾಡುವ ಮಾತ್ರೆ ನುಂಗಿದರೆ? 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೀಮೊಗೆ ಮೊದಲೂ ಕೀಮೊ ವೇಳೆಯೂ ಇಂಥವನ್ನು ತಗೊಂಡವರಲ್ಲಿ ಕಾಯಿಲೆ ಮರಳಿದ್ದು ಹೆಚ್ಚು ಕಂಡಿತ್ತು. ತಗೊಂಡವರ ಸಂಖ್ಯೆ ಕಡಿಮೆ, ಹಾಗಾಗಿ ಕೊನೆಯ ಮಾತಲ್ಲ. ಡಬ್ಬ ಮುಚ್ಚಿಡಲು ನನಗೆ ಅಷ್ಟು ಸಾಕಾಯಿತು.

ಮದ್ಯ ಬಿಟ್ಟೆ. ನಮ್ಮವರ ಜೊತೆ ಅಪರೂಪಕ್ಕೊಂದು ಲೋಟ ವೈನ್ ಇತ್ತು, ಅದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು 1988ರಲ್ಲೇ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ, ತಂಬಾಕಿನ ಸಾಲಿಗೆ ಸೇರಿಸಿತ್ತು. ಇದರ ಮೇಲೆ ಜಾಸ್ತಿ ಬರೆಯುವುದಕ್ಕೇನೂ ಇಲ್ಲ.

ಸಂಜೆ ಮಗಳು ಒಂದು ಸುದ್ದಿ ಕಳಿಸಿದಳು. "ಅಮ್ಮಾ, ವ್ಯಾಯಾಮದಿಂದ ಕ್ಯಾನ್ಸರ್ ಮರಳೋದೇ ಕಡಿಮೆಯಂತೆ!" ಈ ವರ್ಷ ಜೂನ್‌ನಲ್ಲಿ ಬಂದ ಚಾಲೆಂಜ್ ಅನ್ನುವ ಪ್ರಯೋಗ. 889 ರೋಗಿಗಳು, ಮೂರು ವರ್ಷದ ವ್ಯಾಯಾಮ. ಐದು ವರ್ಷದ ಹೊತ್ತಿಗೆ ಕಾಯಿಲೆಯಿಲ್ಲದೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ 80.3%, ಇನ್ನೊಂದರಲ್ಲಿ 73.9%. ಸುದ್ದಿ ಒಳ್ಳೆಯದೇ, ಆದರೆ ಅವರೆಲ್ಲ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳು. ನನ್ನದಕ್ಕೆ ಅದನ್ನೇ ಅಂಟಿಸಲು ಬರುವುದಿಲ್ಲ. ಮಗಳಿಗೆ ಹಾಗೆಂದೆ. "ನೀನು ಖುಷಿಪಡೋದೇ ಇಲ್ಲ" ಅಂತ ಬೈದಳು.

ಖುಷಿ ಇಲ್ಲ ಅಂತಲ್ಲ. ಈ ಸುದ್ದಿಗಳ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ, ಅದು ನನಗೆ ಬೇಡ. "ಮೊದಲೇ ನಡೆದಿದ್ದರೆ, ಮೊದಲೇ ಸರಿಯಾಗಿ ತಿಂದಿದ್ದರೆ..." ಹೆಣ್ಣಾಗಿರುವುದು, ವಯಸ್ಸಾಗುವುದು, ಈ ಕಾಯಿಲೆಗೆ ಇವೇ ಎಲ್ಲಕ್ಕಿಂತ ದೊಡ್ಡ ಕಾರಣಗಳು. ಓಟಗಾರ್ತಿಯರಿಗೂ ಬರುತ್ತದೆ, ಒಂದು ಹನಿ ಮದ್ಯ ಮುಟ್ಟದವರಿಗೂ ಬರುತ್ತದೆ. ನಾಳೆ ನನಗೆ ಮರಳಿದರೆ ಡಂಬೆಲ್ ಕಡಿಮೆ ಎತ್ತಿದ್ದಕ್ಕೆ ಅಂತ ಯಾರಾದರೂ ಅಂದರೆ ಆ ಡಂಬೆಲ್ ಅವರ ಕಾಲಿನ ಮೇಲೇ ಬೀಳಲಿ.

ಬುಧವಾರ ಡಾಕ್ಟರ್ ಭೇಟಿ. ಕೇಳಬೇಕಾದ್ದನ್ನು ಇಲ್ಲೇ ಬರೆದಿಡುತ್ತೇನೆ, ಅಲ್ಲಿ ಕೂತರೆ ಎಲ್ಲ ಮರೆತುಹೋಗುತ್ತದೆ. ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮತ್ತೆ ಯಾವಾಗ? ವಿಟಮಿನ್ ಡಿ ರಕ್ತಪರೀಕ್ಷೆ ಬೇಕಾ? ರಾತ್ರಿಯ ಬೆವರಿಗೆ ಹಾರ್ಮೋನ್ ಇಲ್ಲದ ಔಷಧ ಯಾವುದಿದೆ? ಲೆಟ್ರೊಜೋಲ್ ಇನ್ನೂ ಎಷ್ಟು ವರ್ಷ? ಮತ್ತೆ, ಮೂರು ಕಿಲೊಗೆ ಹೋಗಲಾ?