ಮಳೆಗೆ ಸಿಕ್ಕಿದ ಗ್ಯಾಲರಿ

2019ರ ಜೂನ್, ಅಪ್ಪ ಲಂಡನ್ನಿಗೆ ಬಂದು ಹತ್ತು ದಿನ ಆಗಿತ್ತು. ಸೇಂಟ್ ಪಾಲ್ಸ್ ಅನ್ನೋ ದೊಡ್ಡ ಚರ್ಚ್ ಒಳಗಡೆ ಹೋಗೋಣ ಅಂದ್ರೆ ಟಿಕೆಟ್ 20 ಪೌಂಡ್ ಹತ್ರ, ಅಪ್ಪ ಮನಸ್ಸಲ್ಲೇ ರೂಪಾಯಿಗೆ ಗುಣಿಸಿ "ಹೊರಗಿಂದ್ಲೇ ಚೆನ್ನಾಗಿದೆ ಬಿಡು" ಅಂದ್ಬಿಟ್ರು. ಸರಿ, ಮಿಲೇನಿಯಂ ಬ್ರಿಡ್ಜ್ ದಾಟಿದ್ರೆ ಟೇಟ್ ಮಾಡರ್ನ್ ಆರ್ಟ್ ಮ್ಯೂಸಿಯಂ ಫ್ರೀ ಅಂತ ಹೊರಟ್ವಿ, ಬ್ರಿಡ್ಜ್ ಇನ್ನೂ ಸಿಕ್ಕಿರ್ಲಿಲ್ಲ, ಮಳೆ ಶುರುವಾಯ್ತು, ಅಪ್ಪನ ಮಂಡಿ ನೋವು ಬೇರೆ, ಪಕ್ಕದಲ್ಲೇ 101 ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್ ಅಂತ ಗಾಜಿನ ಬಿಲ್ಡಿಂಗ್ ಇತ್ತು, ನುಗ್ಗಿದ್ವಿ.

ಯಾವುದೋ ಬ್ಯಾಂಕು, ಈಗ ಸೆಕ್ಯುರಿಟಿಯವನು ಬರ್ತಾನೆ ಅಂತ ನಾನು ಸಾರಿ ಹೇಳಕ್ಕೆ ರೆಡಿಯಾಗಿದ್ದೆ. ಬಂದಿದ್ದು ನೇವಿ ಬ್ಲೂ ಯೂನಿಫಾರ್ಮಿನ ವಯಸ್ಸಾದ ಹೆಂಗಸು, ಕಾಲರ್ ಎರಡೂ ಕಡೆ 'ಎಸ್' ಅಕ್ಷರ, ರೈಲ್ವೆಯವರೇನೋ ಅನ್ಕೊಂಡೆ. ಗ್ಯಾಲರಿ ನೋಡಿ, ದುಡ್ಡೇನಿಲ್ಲ, ಕೆಳಗಡೆ ಕಾಫಿ ಸಿಗುತ್ತೆ ಅಂದು ಹೊರಟೇ ಹೋದ್ರು. ಬೋರ್ಡ್ ನೋಡಿದ್ರೆ ಸಾಲ್ವೇಶನ್ ಆರ್ಮಿ ಅನ್ನೋ ಕ್ರಿಶ್ಚಿಯನ್ ಸೇವಾ ಸಂಸ್ಥೆಯ ಇಂಟರ್‌ನ್ಯಾಷನಲ್ ಹೆಡ್ಡಾಫೀಸು.

ಅಪ್ಪನ ಮುಖ ಅರಳ್ತು. "ಅರೆ, ಬಾಂಬೇಲಿ ತಾಜ್ ಹೋಟ್ಲು ಹಿಂದ್ಗಡೆ ಇವ್ರದ್ದೇ ಹಾಸ್ಟೆಲ್ ಕಣಮ್ಮ, ಮುಕ್ತಿಫೌಜ್ ಅಂತಿದ್ರು, ನಾನು ಎಕ್ಸಿಬಿಶನ್ ನೋಡಕ್ಕೆ ಹೋದಾಗ ನಾಲ್ಕು ರಾತ್ರಿ ಅಲ್ಲೇ ಮಲಗಿದ್ದು." ನಾನು ಫೋನ್ ತೆಗೆದು, 1865ರಲ್ಲಿ ವಿಲಿಯಂ ಬೂತ್ ಅನ್ನೋ ಪಾದ್ರಿ ಇದೇ ಊರಿನ ಈಸ್ಟ್ ಎಂಡ್ ಬಡವರ ಮಧ್ಯೆ ಶುರು ಮಾಡಿದ್ದು, 1882ರಲ್ಲಿ ಟಕರ್ ಅನ್ನೋರು ಬಾಂಬೇಲಿ ಬಂದಿಳಿದು ಕಾವಿ ಉಟ್ಟು ಬರಿಗಾಲಲ್ಲಿ ಓಡಾಡಿ ಫಕೀರ್ ಸಿಂಗ್ ಅಂತ ಹೆಸರಿಟ್ಕೊಂಡ್ರಂತೆ ಅಂತೆಲ್ಲ ಓದಿ ಹೇಳ್ತಾ ಇದೀನಿ, ತಿರುಗಿದ್ರೆ ಅಪ್ಪ ಪಕ್ಕದಲ್ಲೇ ಇಲ್ಲ.

ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೋರು. ಗೋಡೆ ಮೇಲಿನ ಒಂದು ಸಣ್ಣ ವಾಟರ್ ಕಲರ್‌ಗೆ ಮೂಗು ತಾಗೋ ಹಾಗೆ ನಿಂತಿದ್ರು. ಬಾಗಿಲ ಹತ್ರ ಬಿಟ್ಟಿರೋ ಹಳೇ ಬೂಟು, ಅಷ್ಟೇ ಚಿತ್ರ, ನನಗಂತೂ ಏನೂ ಅನ್ನಿಸ್ಲಿಲ್ಲ.

"ಬೂಟಿನ ಮೂತಿ ಮೇಲೆ ಬೆಳಕು ಬಿದ್ದಿದೆ ನೋಡು, ಅದು ಬಿಳಿ ಬಣ್ಣ ಅಲ್ಲ, ಪೇಪರ್‌ನೇ ಹಾಗೇ ಬಿಟ್ಟಿದಾನೆ. ಹುಡುಗ್ರಿಗೆ ಇದೊಂದು ಹೇಳ್ಕೊಡಕ್ಕೆ ಒದ್ದಾಡಿಬಿಡ್ತಿದ್ದೆ, ಬಿಳಿ ಟ್ಯೂಬ್ ಮುಟ್ಬೇಡ್ರೋ ಅಂದ್ರೆ ಕೇಳೋರಲ್ಲ, ಮೆತ್ತೋರು."

ಆಮೇಲೆ ಹೋಗಿ ಕಣ್ಣು ಹತ್ತಿರ ಇಟ್ಟು ನೋಡಿದೆ. ಹೌದು, ಅಕ್ಕಿ ಕಾಳಿನಷ್ಟು ಜಾಗ, ಅದ್ರಲ್ಲಿ ಪೇಪರಿನ ತರಿತರಿ ಕಾಣ್ತಿತ್ತು, ಸುತ್ತ ಕಂದು ಬಣ್ಣ ಬಂದು ಅಲ್ಲಿಗೇ ನಿಂತಿತ್ತು.

ಈಗ ಯಾರಾದ್ರೂ ಬಂದು ಕೈಗೆ ಬೈಬಲ್ ಕೊಡ್ತಾರೆ, ಪ್ರೇಯರ್‌ಗೆ ಕರೀತಾರೆ ಅಂತ ನನಗೆ ಒಳಗೊಳಗೇ ಇತ್ತು (ಫ್ರೀ ಅಂದ್ರೆ ನಮಗೆ ಅನುಮಾನ ಜಾಸ್ತಿ ತಾನೇ). ಮುಕ್ಕಾಲು ಗಂಟೆ ಆದ್ರೂ ಯಾರೂ ಬರ್ಲಿಲ್ಲ, ಏನು ಬೇಕು ಅಂತಾನೂ ಕೇಳ್ಲಿಲ್ಲ.

ಕೆಳಗೆ ಕೆಫೆಯಲ್ಲಿ ಟೀ ತಗೊಂಡ್ವಿ. ಮಳೆ ಯಾವಾಗ್ಲೋ ನಿಂತಿತ್ತು, ಟೇಟ್ ಕ್ಲೋಸ್ ಆಗುತ್ತೆ ಏಳಪ್ಪ ಅಂದೆ. ಅಪ್ಪ ಏಳ್ಲಿಲ್ಲ, ಜೇಬಿಂದ ಪೆನ್ ತೆಗೆದು ಟಿಶ್ಯೂ ಪೇಪರ್ ಮೇಲೆ ಅದೇ ಬೂಟು ಬರೀತಿದ್ರು, ಇಂಕು ಹರಡ್ಕೊಂಡು ಬೆಳಕಿನ ಜಾಗ ಎಲ್ಲ ಮುಚ್ಚೋಗ್ತಿತ್ತು.

"ಥತ್, ಇನ್ನೊಂದು ತಗೊಂಬಾ," ಅಂದ್ರು.