ಡಬ್ಬಿ ತಂದವರಿಗೆ ಪಾಯಿಂಟ್ ಕೊಡಿ

ಹೋಟೆಲ್ ಆಪ್‌ಗಳಲ್ಲಿ ಈಗ ಎಲ್ಲಿ ನೋಡಿದರೂ ಪಾಯಿಂಟ್. ಇಷ್ಟು ಬಿಲ್ಲಾದರೆ ಇಷ್ಟು, ಇನ್ನೊಂದು ಐಟಂ ಸೇರಿಸಿದರೆ ಡಬಲ್. ಕೆಲವು ಕಡೆ ಆ ಪಾಯಿಂಟ್‌ಗಳನ್ನು ಗಿಡ ನೆಡಲು ಕೊಟ್ಟುಬಿಡಿ ಅಂತಲೂ ಕೇಳುತ್ತಾರೆ. ಗಿಡ ನೆಡಲಿ, ಬೇಡ ಅನ್ನುವವರು ಯಾರು? ಆದರೆ ಲೆಕ್ಕ ನೋಡಿ. ಜಾಸ್ತಿ ತರಿಸಿಕೊಂಡವರಿಗೆ ಜಾಸ್ತಿ ಪಾಯಿಂಟ್. ಜಾಸ್ತಿ ತರಿಸಿಕೊಂಡಷ್ಟೂ ಪ್ಲಾಸ್ಟಿಕ್ ಡಬ್ಬಿ ಜಾಸ್ತಿ, ಕವರ್ ಜಾಸ್ತಿ, ತಟ್ಟೆಯಲ್ಲಿ ಉಳಿದು ಕಸಕ್ಕೆ ಹೋಗುವುದೂ ಜಾಸ್ತಿ. ಬೈ ಟು ಕಾಫಿ ಕುಡಿದು, ಹೊಟ್ಟೆಗೆ ಬೇಕಾದಷ್ಟೇ ತಿಂದು, ತಟ್ಟೆ ಖಾಲಿ ಮಾಡಿ ಎದ್ದವರಿಗೆ ಈ ಲೆಕ್ಕದಲ್ಲಿ ಸಿಗುವುದು ತೀರಾ ಕಮ್ಮಿ. ನನಗಿದು ಸರಿ ಕಾಣುವುದಿಲ್ಲ. 2022ರಲ್ಲಿ ಪ್ರಪಂಚದಲ್ಲಿ ಸುಮಾರು 105 ಕೋಟಿ ಟನ್ ಆಹಾರ ಕಸಕ್ಕೆ ಹೋಯಿತು ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗದ ವರದಿ ಹೇಳುತ್ತದೆ. ಅದರಲ್ಲಿ ಶೇಕಡಾ 28 ಹೋಟೆಲು, ಕ್ಯಾಂಟೀನುಗಳದ್ದೇ ಪಾಲು.

ಹಾಗಂತ ಪಾಯಿಂಟ್ ಪದ್ಧತಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಮತ್ತೆ ಮತ್ತೆ ಬರುವ ಗಿರಾಕಿ ಯಾರು ಅನ್ನುವುದು ಹೋಟೆಲಿಗೆ ಗೊತ್ತಿರುತ್ತದೆ. ಬಿಸಾಡುವ ಡಬ್ಬಿಯ ಬದಲು ಪಾತ್ರೆಯಲ್ಲಿ ಊಟ ಕೊಟ್ಟು, ಆ ಪಾತ್ರೆ ವಾಪಸ್ ಬರಬೇಕು ಅಂದರೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ನಮ್ಮ ಮೆಸ್, ಖಾನಾವಳಿಗಳನ್ನೇ ನೋಡಿ. ತಿಂಗಳ ಲೆಕ್ಕದ ಗಿರಾಕಿ ನಿನ್ನೆಯ ಖಾಲಿ ಕ್ಯಾರಿಯರ್ ಕೊಟ್ಟು ಇವತ್ತಿನ ತುಂಬಿದ ಕ್ಯಾರಿಯರ್ ಒಯ್ಯುತ್ತಾರೆ. ಡಿಪಾಸಿಟ್ ಇಲ್ಲ, ರಸೀದಿ ಇಲ್ಲ, ಯಾಕೆಂದರೆ ನಾಳೆ ಮಧ್ಯಾಹ್ನ ಇದೇ ಮುಖ ಮತ್ತೆ ಬರುತ್ತದೆ ಅಂತ ಮೆಸ್ಸಿನವರಿಗೆ ಗೊತ್ತು. ಗುರುತು ಪರಿಚಯ ಇಲ್ಲದವರಿಗೆ ಸ್ಟೀಲ್ ಪಾತ್ರೆ ಕೊಟ್ಟು ಕಳಿಸಲು ಯಾವ ಹೋಟೆಲಿನವರಿಗೂ ಧೈರ್ಯ ಬರುವುದಿಲ್ಲ, ಅದಕ್ಕೇ ಬಿಸಾಡುವ ಡಬ್ಬಿ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಎಲ್ಲ ನಿಷೇಧ ಆದವಲ್ಲ, ಪಾರ್ಸೆಲ್ಲಿನ ಕಪ್ಪು ಡಬ್ಬಿ ಆ ಪಟ್ಟಿಯಲ್ಲಿ ಇರಲಿಲ್ಲ. ಅದು ಹಾಗೇ ಉಳಿದುಕೊಂಡಿದೆ.

ಮೆಸ್ಸಿನ ಈ ನಂಬಿಕೆಯನ್ನೇ ಜರ್ಮನಿಯಲ್ಲಿ ಆಪ್‌ನೊಳಗೆ ತಂದಿದ್ದಾರೆ. ಕಲೋನ್ ನಗರದಲ್ಲಿ 2019ರಲ್ಲಿ ಶುರುವಾದ ವೈಟಲ್ ಅನ್ನುವ ಕಂಪನಿ ಡಿಪಾಸಿಟ್ ಇಲ್ಲದೆ ಡಬ್ಬಿ ಕೊಡುವ ಪದ್ಧತಿ ತಂದಿತು. ಡಬ್ಬಿಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಊಟ ಒಯ್ಯಬೇಕು, 14 ದಿನದೊಳಗೆ ಈ ಜಾಲದಲ್ಲಿರುವ ಯಾವ ಹೋಟೆಲಿಗಾದರೂ ವಾಪಸ್ ಕೊಡಬೇಕು, ಕೊಡದಿದ್ದರೆ 10 ಯೂರೋ ಕಟ್. ನಮ್ಮಲ್ಲಿ ಫೋನ್ ನಂಬರ್ ಹಾಕಿ ಪಾಯಿಂಟ್ ಸೇರಿಸುವ ಹೋಟೆಲುಗಳಿಗೆ ಇದು ಕಷ್ಟವಾ? ಗಿರಾಕಿಯ ಹೆಸರು, ನಂಬರ್, ಯಾವ ವಾರ ಬಂದರು ಅನ್ನುವುದು, ಎಲ್ಲಾ ಅವರ ಹತ್ತಿರ ಈಗಲೇ ಇದೆ. ಆ ಮಾಹಿತಿಯನ್ನು ಸುಮ್ನೆ ಆಫರ್ ಮೆಸೇಜ್ ಕಳಿಸಲು ಬಳಸುತ್ತಿದ್ದಾರೆ.

ಇನ್ನು ಬರೀ ರಿಯಾಯಿತಿ ಕೊಟ್ಟರೆ ಜನ ಬದಲಾಗುತ್ತಾರೆ ಅಂತ ನಂಬಿ ಕೂರುವುದು ಬೇಡ. ಅಮೆರಿಕದ ಕಾಫಿ ಅಂಗಡಿ ಕಂಪನಿ ಸ್ಟಾರ್‌ಬಕ್ಸ್ 1985ರಿಂದಲೇ ಸ್ವಂತ ಕಪ್ ತಂದವರಿಗೆ ಬೆಲೆ ಕಡಿಮೆ ಮಾಡುತ್ತಿತ್ತು. 2015ರ ಹೊತ್ತಿಗೆ 25 ಶೇಕಡಾ ಪಾನೀಯ ಮರುಬಳಕೆಯ ಕಪ್‌ನಲ್ಲೇ ಹೋಗಬೇಕು ಎಂದು 2008ರಲ್ಲಿ ಗುರಿ ಇಟ್ಟುಕೊಂಡಿತು, ಆಮೇಲೆ ಅದನ್ನು 5ಕ್ಕೆ ಇಳಿಸಿತು, ಕೊನೆಗೆ ಸ್ವಂತ ಕಪ್ ತಂದವರು 2 ಶೇಕಡಾ ಕೂಡ ಆಗಲಿಲ್ಲ. 2024ರ ಜನವರಿಯಿಂದ ಅಮೆರಿಕದಲ್ಲಿ ಆಪ್ ಆರ್ಡರ್‌ಗೂ ಸ್ವಂತ ಕಪ್ ತರಬಹುದು ಅಂತ ಮಾಡಿದರು. ಆಗ 10 ಸೆಂಟ್ ರಿಯಾಯಿತಿ, ಸದಸ್ಯರಿಗೆ ಅದರ ಜೊತೆ 25 ಸ್ಟಾರ್, ಅಂದರೆ ಅವರ ಪಾಯಿಂಟ್, ಸಿಗುತ್ತಿತ್ತು. ಒಳ್ಳೆಯ ಹೆಜ್ಜೆಯೇ, ಆದರೆ ಅಷ್ಟು ಸಾಲದು ಅಂತ ನನ್ನ ಅನಿಸಿಕೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು ಕಾಫಿ ಅಂಗಡಿಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಕಪ್ ತಂದರೆ ಬೆಲೆ ಕಮ್ಮಿ ಎಂದಾಗ ಏನೂ ಬದಲಾಗಲಿಲ್ಲ. ಬಿಸಾಡುವ ಕಪ್‌ಗೆ ಬೇರೆ ದುಡ್ಡು ಅಂದಾಗ ಸ್ವಂತ ಕಪ್ ತರುವವರು ಹೆಚ್ಚಾದರು. ಸಿಗಬಹುದಾದ ಐದು ರೂಪಾಯಿಗಿಂತ ಕೈಬಿಟ್ಟು ಹೋಗುವ ಐದು ರೂಪಾಯಿ ನಮಗೆ ಜಾಸ್ತಿ ಚುಚ್ಚುತ್ತದೆ, ಅಲ್ವಾ.

ನಮ್ಮ ಹೋಟೆಲುಗಳಲ್ಲಿ ಆ ದುಡ್ಡು ಈಗಾಗಲೇ ಇದೆ, ಪಾರ್ಸೆಲ್ ಚಾರ್ಜ್ ಎಂಬ ಹೆಸರಿನಲ್ಲಿ. ಬಿಲ್ಲಿನ ಮೂಲೆಯಲ್ಲಿರುವ ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಬೇಕು. ಡಬ್ಬಿ ತಂದವರಿಗೆ ಅದನ್ನು ಬಿಟ್ಟು, ಅವರ ಪಾಯಿಂಟ್ ಕಾರ್ಡಿಗೆ ಒಂದು ಸೀಲ್ ಒತ್ತಬೇಕು. ಎಷ್ಟೋ ಕಡೆ ಮನೆಯಿಂದ ಡಬ್ಬಿ ತಂದರೂ ಪಾರ್ಸೆಲ್ ಚಾರ್ಜ್ ಬೀಳುತ್ತದೆ. ಬಿಲ್ಲಿಂಗ್ ಮೆಷಿನ್ನಿನಲ್ಲಿ ಹಾಗೇ ಸೆಟ್ ಆಗಿದೆ ಎನ್ನುತ್ತಾರೆ. ಅಲ್ಲಿಗೆ ಡಬ್ಬಿ ತರುವ ಉತ್ಸಾಹ ಮುಗಿಯಿತು. ಕೇಳದೆ ಕೊಡುವುದನ್ನೂ ನಿಲ್ಲಿಸಬೇಕು. 2021ರ ಆಗಸ್ಟ್‌ನಲ್ಲಿ ಜೊಮ್ಯಾಟೊ ಹೀಗೆ ಮಾಡಿತು, ಬೇಕು ಅಂತ ಕೇಳಿದವರಿಗೆ ಮಾತ್ರ ಚಮಚ, ಟಿಶ್ಯೂ.

ಹೋಟೆಲಿನವರ ಕಷ್ಟವೂ ನಿಜ. ಬೆಳಗ್ಗೆ ರಶ್ಶಿನಲ್ಲಿ ಒಬ್ಬೊಬ್ಬರು ಒಂದೊಂದು ಅಳತೆಯ ಡಬ್ಬಿ ಚಾಚಿದರೆ ಕೌಂಟರಿನ ಹುಡುಗರು ಸಾಂಬಾರ್ ಎಷ್ಟು ಹಾಕಬೇಕು? ಅದಕ್ಕೇ ಒಂದೇ ಅಳತೆಯ ಸ್ಟೀಲ್ ಡಬ್ಬಿಯನ್ನು ಹೋಟೆಲೇ ಕೊಡುವುದು ಒಳ್ಳೆಯದು. ಪಾತ್ರೆ ತೊಳೆಯಲು ನೀರು ಬೇಕು ಅನ್ನುವುದು ಇನ್ನೂ ದೊಡ್ಡ ಮಾತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಕೆಲವು ಹೋಟೆಲುಗಳು ಸ್ಟೀಲ್ ತಟ್ಟೆ ಬಿಟ್ಟು ಬಿಸಾಡುವ ತಟ್ಟೆ ಹಿಡಿದವು. ಬೇಸಿಗೆಯಲ್ಲಿ ಮನೆಯಲ್ಲೇ ತೊಳೆದ ಡಬ್ಬಿ ತಂದವರಿಗೆ ಎರಡು ಸೀಲ್ ಕೊಡಲಿ.

ದುಡ್ಡಿನ ಲೆಕ್ಕ ಕೇಳುವ ಮಾಲೀಕರಿಗೂ ಉತ್ತರ ಇದೆ. ಬಿಸಾಡುವ ಡಬ್ಬಿ ಒಂದಕ್ಕೆ 5 ರೂಪಾಯಿ ಅಂತ ಹಿಡಿಯೋಣ, ಹತ್ತು ಡಬ್ಬಿಗೆ 50. ಪಾರ್ಸೆಲ್ ಚಾರ್ಜ್ ಬಿಟ್ಟರೂ ಡಬ್ಬಿಯ ಆ ಖರ್ಚು ತಪ್ಪುತ್ತದೆ, ಹತ್ತು ಸೀಲ್ ಆದವರಿಗೆ ಕೊಡುವ ಒಂದು ಫ್ರೀ ಕಾಫಿಯಷ್ಟೇ ಮಾಲೀಕರ ಕೈಯಿಂದ ಹೋಗುವುದು. ಇದಕ್ಕೆ ಆಪ್ ಕೂಡ ಬೇಡ. ಹತ್ತು ಚೌಕ ಅಚ್ಚು ಹಾಕಿದ ಒಂದು ರಟ್ಟಿನ ಕಾರ್ಡ್, ಕೌಂಟರಿನಲ್ಲಿ ಒಂದು ರಬ್ಬರ್ ಸ್ಟಾಂಪ್ ಇದ್ದರೆ ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಯೂ ಇದಕ್ಕೆ ಸೇರಬಹುದು. ನೀವು ದಿನಾ ಹೋಗುವ ಹೋಟೆಲಿನಲ್ಲಿ ಮಾಲೀಕರು ಗಲ್ಲಾಪೆಟ್ಟಿಗೆ ಹತ್ತಿರ ಕೂತಿರುತ್ತಾರಲ್ಲ, ರಶ್ಶಿಲ್ಲದ ಹೊತ್ತು ನೋಡಿಕೊಂಡು ಈ ಲೆಕ್ಕವನ್ನು ಅವರಿಗೊಮ್ಮೆ ಹೇಳಿ.