ಚಾರ್ಜಿಂಗ್ ಸ್ಟೇಷನ್ ಸಬ್ಸಿಡಿ: ದುಡ್ಡು ಯಾರಿಗೆ, ಯಾವುದಕ್ಕೆ, ಎಷ್ಟು?

'ಜಾಗ ಇದ್ದರೆ ಸಾಕು, ಶೇ 80ರಷ್ಟು ಸರ್ಕಾರವೇ ಕೊಡುತ್ತೆ' ಅನ್ನುವ ವಿಡಿಯೊಗಳನ್ನು ನಂಬಿ ಎಲೆಕ್ಟ್ರಿಕ್ ವಾಹನಗಳ ಚಾರ್ಜರ್‌ಗೆ ಅಡ್ವಾನ್ಸ್ ಕೊಡಬೇಡಿ. ಆ ಶೇ 80 ಸುಳ್ಳಲ್ಲ. ಆದರೆ ಅದು ಯಾವುದರ ಶೇ 80, ಯಾರ ಕೈಗೆ ಬರುತ್ತದೆ ಅನ್ನುವುದನ್ನು ಅವರು ಹೇಳುವುದಿಲ್ಲ.

ಈಗ ಚಾಲ್ತಿಯಲ್ಲಿರುವುದು ಬೃಹತ್ ಕೈಗಾರಿಕಾ ಸಚಿವಾಲಯದ ಪಿಎಂ ಇ-ಡ್ರೈವ್ ಯೋಜನೆ. ಒಟ್ಟು 10,900 ಕೋಟಿ ರೂಪಾಯಿಯಲ್ಲಿ 2,000 ಕೋಟಿ ಸಾರ್ವಜನಿಕ ಚಾರ್ಜಿಂಗ್‌ಗೆ. ಅವಧಿಯನ್ನು 2028ರ ಮಾರ್ಚ್‌ವರೆಗೆ ವಿಸ್ತರಿಸಿದ್ದಾರೆ. ಚಾರ್ಜಿಂಗ್ ಭಾಗದ ಮಾರ್ಗಸೂಚಿ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದರ ಪ್ರಕಾರ ಪ್ರಸ್ತಾವ ಸಲ್ಲಿಸುವವರು ಕೇಂದ್ರದ ಇಲಾಖೆಗಳು, ಸಾರ್ವಜನಿಕ ವಲಯದ ಉದ್ಯಮಗಳು ಮತ್ತು ರಾಜ್ಯ ಸರ್ಕಾರಗಳು. ಕರ್ನಾಟಕದಲ್ಲಿ ಚಾರ್ಜಿಂಗ್‌ಗೆ ನೋಡಲ್ ಏಜೆನ್ಸಿ, ಅಂದರೆ ಹೊಣೆ ಹೊತ್ತ ಸಂಸ್ಥೆ, ಬೆಸ್ಕಾಂ. ಅಂದರೆ ಹೆದ್ದಾರಿ ಪಕ್ಕದ ಹೋಟೆಲಿನವರು ನೇರವಾಗಿ ಅರ್ಜಿ ಹಾಕಿ ಸಬ್ಸಿಡಿ ಪಡೆಯುವ ದಾರಿ ಇಲ್ಲ. ಖಾಸಗಿಯವರು ಒಳಗೆ ಬರುವುದು ಟೆಂಡರ್ ಗೆದ್ದ ಚಾರ್ಜಿಂಗ್ ಕಂಪನಿಯಾಗಿ, ಇಲ್ಲವೇ ಅಂಥ ಕಂಪನಿಗೆ ಜಾಗ ಕೊಡುವವರಾಗಿ.

ಸಬ್ಸಿಡಿಯ ಲೆಕ್ಕದಲ್ಲಿ ಎರಡು ಬಾಬ್ತು ಇವೆ. ಒಂದು ಚಾರ್ಜರ್ ಯಂತ್ರ. ಇನ್ನೊಂದು ಅದಕ್ಕೆ ಕರೆಂಟ್ ತಂದು ಮುಟ್ಟಿಸುವ ವ್ಯವಸ್ಥೆ: ಟಿಸಿ (ಟ್ರಾನ್ಸ್‌ಫಾರ್ಮರ್), ಕೇಬಲ್, ಬ್ರೇಕರ್ ಪ್ಯಾನೆಲ್, ಸಿವಿಲ್ ಕೆಲಸ. ಸರ್ಕಾರಿ ಕಚೇರಿ, ಆಸ್ಪತ್ರೆ, ಕಾಲೇಜು, ವಸತಿ ಸಮುಚ್ಚಯಗಳಲ್ಲಿ ಎರಡಕ್ಕೂ ಶೇ 100. ಷರತ್ತು ಇಷ್ಟೇ, ಸಾರ್ವಜನಿಕರಿಗೆ ಒಳಗೆ ಬರಲು ತಡೆ ಇರಬಾರದು. ಇಲ್ಲಿ 'ವಸತಿ ಸಮುಚ್ಚಯ' ಅಂದರೆ ಸರ್ಕಾರಿ ಕ್ವಾರ್ಟರ್ಸ್. ಅಪಾರ್ಟ್‌ಮೆಂಟ್ ಸಂಘಗಳು ಇದನ್ನು ತಮಗೇ ಅಂತ ಓದಿಕೊಳ್ಳುವುದುಂಟು. ಬಸ್ ನಿಲ್ದಾಣ, ರೈಲು ನಿಲ್ದಾಣ, ಮೆಟ್ರೊ, ತೈಲ ಕಂಪನಿಗಳ ಬಂಕ್, ಟೋಲ್ ಪ್ಲಾಜಾಗಳಲ್ಲಿ ಕರೆಂಟ್ ವ್ಯವಸ್ಥೆಗೆ ಶೇ 80, ಯಂತ್ರಕ್ಕೆ ಶೇ 70. ಮಾಲ್, ಮಾರುಕಟ್ಟೆ, ರಸ್ತೆ ಬದಿಯಲ್ಲಿ ಕರೆಂಟ್ ವ್ಯವಸ್ಥೆಗೆ ಮಾತ್ರ ಶೇ 80, ಯಂತ್ರಕ್ಕೆ ಸೊನ್ನೆ. ಬ್ಯಾಟರಿ ಬದಲಾಯಿಸುವ ಕೇಂದ್ರಕ್ಕೂ ಅಷ್ಟೇ.

ಶೇಕಡಾವಾರು ಲೆಕ್ಕ ನಿಮ್ಮ ಬಿಲ್ಲಿನ ಮೇಲಲ್ಲ, ಸರ್ಕಾರ ನಿಗದಿ ಮಾಡಿದ ಮಾನದಂಡ ದರದ ಮಿತಿಯೊಳಗೆ. 50 ಕಿಲೋವ್ಯಾಟ್‌ವರೆಗಿನ ಕರೆಂಟ್ ವ್ಯವಸ್ಥೆಗೆ ಮಿತಿ 6.04 ಲಕ್ಷ, 50 ಕಿಲೋವ್ಯಾಟ್ ಸಿಸಿಎಸ್-2 (ಕಾರುಗಳ ಫಾಸ್ಟ್ ಚಾರ್ಜಿಂಗ್ ಪ್ಲಗ್ ಮಾದರಿ) ಚಾರ್ಜರ್‌ಗೆ 7.25 ಲಕ್ಷ. ಬಸ್ ನಿಲ್ದಾಣದಲ್ಲಿ ಹಾಕಿದರೆ 4.83 ಲಕ್ಷ ಮತ್ತು 5.07 ಲಕ್ಷ, ಒಟ್ಟು ಹತ್ತಿರತ್ತಿರ 9.9 ಲಕ್ಷ. ಅದೇ ಯಂತ್ರ ಮಾಲ್‌ನಲ್ಲಿ ನಿಂತರೆ ಗರಿಷ್ಠ 4.83 ಲಕ್ಷ. ಟಿಸಿಯಿಂದ ಜಾಗ ದೂರವಿದ್ದು ಕೇಬಲ್ ಉದ್ದವಾದರೆ ಮಿತಿ ದಾಟಿದ್ದೆಲ್ಲ ಕೈಯಿಂದ. ಇಡೀ ಹಣ ಮುಂಗಡವಾಗಿಯೂ ಬರುವುದಿಲ್ಲ. ಎರಡು ಕಂತು, ಕೆಲಸದ ಹಂತ ನೋಡಿ.

ಜಾಗ ಕೊಡುವ ಮುನ್ನ ಮೊದಲು ಹೋಗಬೇಕಾದ್ದು ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿಯ (ಎಸ್ಕಾಂ) ಸೆಕ್ಷನ್ ಆಫೀಸಿಗೆ. 60 ಕಿಲೋವ್ಯಾಟ್ ಚಾರ್ಜರ್ ಪೂರ್ತಿ ದುಡಿದಾಗ ಒಳಗೆ ಎಳೆಯುವುದು ಸುಮಾರು 63 ಕಿಲೋವ್ಯಾಟ್, ಪ್ರತಿ ಫೇಸ್‌ಗೆ 90 ಆಂಪಿಯರ್ ಆಸುಪಾಸು. ಬೀದಿಯಲ್ಲಿರುವುದು 63 ಕೆವಿಎ ಟಿಸಿಯಾದರೆ ಅದು ಸಾಲದು, ಮಾತೇ ಮುಗಿಯಿತು. 100 ಕೆವಿಎ ಇದ್ದರೂ ಈಗಾಗಲೇ ಮನೆಗಳ ಲೋಡ್ ಎಷ್ಟಿದೆ ಕೇಳಿ. ಅಂಥ ಎರಡು ಚಾರ್ಜರ್ 150 ಕಿಲೋವ್ಯಾಟ್ ಒಳಗೆ, ಎಲ್‌ಟಿ (ಕಡಿಮೆ ವೋಲ್ಟೇಜ್) ಸಂಪರ್ಕದಲ್ಲೇ ಆಗುತ್ತದೆ. ಮೂರನೆಯದು ಸೇರಿತೋ, 11 ಕೆವಿ ಲೈನ್, ಸ್ವಂತ ಟಿಸಿ, ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್ ಅನುಮೋದನೆ ಎಲ್ಲವೂ ಹಿಂದೆಯೇ ಬರುತ್ತವೆ. ಚಾರ್ಜರ್‌ಗೆ ಪ್ರತ್ಯೇಕ ಆರ್‌ಆರ್ ನಂಬರ್ ಮಾಡಿಸಿ, ವಾಹನ ಚಾರ್ಜಿಂಗ್‌ಗೆ ಇರುವ ಎಲ್‌ಟಿ-6(ಸಿ) ದರ ಸಿಗುವಂತೆ ನೋಡಿಕೊಳ್ಳಿ. ಅಂಗಡಿಯ ಮೀಟರಿನಿಂದಲೇ ಎಳೆದರೆ ವಾಣಿಜ್ಯ ದರ ಬೀಳುತ್ತದೆ.

ಸಬ್ಸಿಡಿ ಯಂತ್ರ ನಿಲ್ಲಿಸುವವರೆಗೆ ಮಾತ್ರ, ಓಡಿಸುವುದಕ್ಕಲ್ಲ. 60 ಕಿಲೋವ್ಯಾಟ್ ಯಂತ್ರ ದಿನವಿಡೀ ಓಡಿದರೆ 1,440 ಯೂನಿಟ್. ಶೇ 10ರಷ್ಟು ಬಳಕೆಯಾದರೆ 144. ಯೂನಿಟ್‌ಗೆ 5 ರೂಪಾಯಿ ಉಳಿಯುತ್ತದೆ ಅಂದುಕೊಂಡರೆ ತಿಂಗಳಿಗೆ 21,600. ಆ 5 ರೂಪಾಯಿಯನ್ನು ಲೆಕ್ಕ ಹಾಕುವಾಗ ಎರಡು ಸೋರಿಕೆ ಮರೆಯಬೇಡಿ. ಕಾರಿಗೆ 100 ಯೂನಿಟ್ ಕೊಡಲು ಮೀಟರಿನಲ್ಲಿ 105ರಷ್ಟು ಓಡುತ್ತದೆ. ಗ್ರಾಹಕ ಕೊಡುವ ಹಣದ ಮೇಲೆ ಶೇ 18 ಜಿಎಸ್‌ಟಿ ಇದೆ, ಆದರೆ ನೀವು ಕೊಳ್ಳುವ ವಿದ್ಯುತ್ತಿಗೆ ಜಿಎಸ್‌ಟಿಯೇ ಇಲ್ಲವಾದ್ದರಿಂದ ಆ ಬಾಬ್ತಿನಲ್ಲಿ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ.

ಇನ್ನು ಯಂತ್ರ ಕೆಡುವ ಬಗೆ. ವಿದ್ಯುತ್ ಲೈನಿನ (ಫೀಡರ್) ತುದಿಯಲ್ಲಿ ಸಂಜೆ ವೋಲ್ಟೇಜ್ ಕುಸಿದರೆ ಚಾರ್ಜರ್ ಟ್ರಿಪ್ ಆಗುತ್ತದೆ. ಕಂಪನಿಯವರು ತಪ್ಪನ್ನು ಲೈನಿನ ಮೇಲೆ ಹಾಕುತ್ತಾರೆ, ಲೈನ್‌ಮ್ಯಾನ್ ಯಂತ್ರದ ಮೇಲೆ. ಜಾಗ ಒಪ್ಪಿಕೊಳ್ಳುವ ಮೊದಲೇ ಒಂದು ವಾರ ಸಂಜೆ 6ರಿಂದ 10ರವರೆಗೆ ವೋಲ್ಟೇಜ್ ಬರೆದಿಟ್ಟುಕೊಂಡರೆ ಈ ಜಗಳವೇ ಇರುವುದಿಲ್ಲ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದರೆ ನ್ಯೂಟ್ರಲ್ ಮತ್ತು ಅರ್ತ್ ನಡುವೆ ವೋಲ್ಟೇಜ್ ಏರಿ ಯಂತ್ರ ಚಾರ್ಜ್ ಶುರು ಮಾಡುವುದನ್ನೇ ನಿಲ್ಲಿಸಬಹುದು. ಗುಂಡಿಗೆ ನೀರು ಬಿಟ್ಟು, ರೆಸಿಸ್ಟೆನ್ಸ್ ಮತ್ತೆ ಅಳೆಯಿಸಿ. ಮಳೆಗಾಲದಲ್ಲಿ ಗನ್ (ಕಾರಿಗೆ ಚುಚ್ಚುವ ಪ್ಲಗ್) ಒಳಗೆ ನೀರು ಕೂತರೆ ಇನ್ಸುಲೇಷನ್ ದೋಷ ತೋರಿಸುತ್ತದೆ. ಗನ್ ಹೋಲ್ಡರ್ ಮೇಲೊಂದು ಶೀಟ್ ಚಾವಣಿ ಹಾಕಿದರೆ ಮುಗಿಯುವ ಕೆಲಸ, ಆದರೆ ಎಸ್ಟಿಮೇಟ್‌ನಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ. ಗಾಳಿ ಫಿಲ್ಟರ್ ಧೂಳು ಕಟ್ಟಿದರೆ ಯಂತ್ರ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಗಿರಾಕಿಗೆ ಕಾಣುವುದು 60 ಅಂತ ಬರೆದ ಯಂತ್ರದಲ್ಲಿ 30 ಮಾತ್ರ.

ನೆಲಮಾಳಿಗೆಯಾದರೆ ಸಿಗ್ನಲ್ ನೋಡಿ. ಚಾರ್ಜರ್ ಒಳಗಿನ ಸಿಮ್‌ಗೆ ನೆಟ್‌ವರ್ಕ್ ಸಿಗದಿದ್ದರೆ ಆ್ಯಪ್‌ನಲ್ಲಿ ಅದು 'ಆಫ್‌ಲೈನ್', ಕರೆಂಟ್ ಎಷ್ಟೇ ಚೆನ್ನಾಗಿದ್ದರೂ ದುಡ್ಡು ಕಟ್ಟಲಾಗದೆ ಕಾರು ವಾಪಸ್. ಒಪ್ಪಂದದಲ್ಲಿ ಆ್ಯಂಟೆನಾ ಅಥವಾ ಬ್ರಾಡ್‌ಬ್ಯಾಂಡ್ ಖರ್ಚು ಯಾರದ್ದು, ಕೆಟ್ಟರೆ ಎಷ್ಟು ಗಂಟೆಯೊಳಗೆ ಬಂದು ನೋಡಬೇಕು ಅನ್ನುವುದನ್ನು ಬರೆಸಿಕೊಂಡೇ ಸಹಿ ಹಾಕಿ.